ಎನರ್ಜೈಸ್, ಇನ್ವಿಗರೇಟ್, ಗ್ಯಾಲ್ವನೈಸ್: ಇಂಗ್ಲಿಷ್ ಬರಹದಲ್ಲಿ ಯಾವುದು ಎಲ್ಲಿಗೆ?

ಮೂರೂ ಹುರುಪು ತುಂಬುವ ಕ್ರಿಯಾಪದಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುವುದಿಲ್ಲ.

ಮೈಮನಸ್ಸಿಗೆ ಹೊಸ ಚೈತನ್ಯ ಬಂದರೆ ಇನ್ವಿಗರೇಟ್: ತಣ್ಣೀರ ಸ್ನಾನ, ಬೆಳಗಿನ ನಡಿಗೆ. ‘ಆ್ಯನ್ ಇನ್ವಿಗರೇಟಿಂಗ್ ವಾಕ್’ ಎಂದು ವಿಶೇಷಣವಾಗಿ ಬಂದರೆ ಇನ್ನೂ ಚೆಂದ. ಸುಮ್ಮನಿದ್ದವರು ಥಟ್ಟನೆ ಕೆಲಸಕ್ಕಿಳಿದರೆ ಗ್ಯಾಲ್ವನೈಸ್. ಬೆನ್ನಿಗೇ ‘ಇನ್‌ಟು ಆ್ಯಕ್ಷನ್’ ಬರುವುದು ರೂಢಿ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ತೋರಿಸಿದ ಇಟಲಿಯ ಲುಯಿಜಿ ಗಾಲ್ವಾನಿ (1737–1798) ಹೆಸರಿನಿಂದ ಬಂದ ಪದ ಇದು. ಆ ಝಟಕಾ ಅರ್ಥದಲ್ಲಿ ಇನ್ನೂ ಉಳಿದಿದೆ, ಹಾಗಾಗಿ ನಿಧಾನದ ಬದಲಾವಣೆಗೆ ಬೇಡ.

ಎನರ್ಜೈಸ್ ತಂಡಕ್ಕೂ ಸರಿ, ಮತದಾರರಿಗೂ ಸರಿ. ರಿಲೇ ಕಾಯಿಲ್‌ಗೆ (ವಿದ್ಯುತ್ ಸ್ವಿಚ್ಚಿನೊಳಗಿನ ತಂತಿಸುರುಳಿ) ವಿದ್ಯುತ್ ಹರಿಸುವುದಕ್ಕಂತೂ ಈ ಮೂರರಲ್ಲಿ ಇದೊಂದೇ. ಪದದ ಕೊನೆಯ ‘ಐಸ್’ಗೆ ಅಮೆರಿಕನ್ ಕಾಗುಣಿತದಲ್ಲಿ ‘ಝಡ್’ (-ize), ಬ್ರಿಟಿಷ್ ಬರಹದಲ್ಲಿ ಹೆಚ್ಚಾಗಿ ‘ಎಸ್’ (-ise), ಎರಡನ್ನೂ ಬೆರೆಸಬೇಡಿ.

ನಿಜವಾದ ಬಲೆ ಎನರ್ವೇಟ್. ಸದ್ದು ಎನರ್ಜಿಯಂತೆ, ಅರ್ಥ ತದ್ವಿರುದ್ಧ: ಬಲ ಹೀರು, ಬಸವಳಿಸು. ‘ದ ಸ್ಪೀಚ್ ಎನರ್ವೇಟೆಡ್ ದ ವರ್ಕರ್ಸ್’ ಎಂದು ಬರೆದರೆ ಭಾಷಣ ಕೇಳಿ ಕಾರ್ಯಕರ್ತರು ಸೊರಗಿದರು ಎಂದಾಗುತ್ತದೆ. ರಾಯಚೂರಿನ ಮೇ ತಿಂಗಳ ಸೆಕೆಗೆ ‘ಎನರ್ವೇಟಿಂಗ್ ಹೀಟ್’ ಎನ್ನಿ, ತಪ್ಪಿಲ್ಲ.