ಮೆಮೊರಿ 98% ಎಂದು ಹೆದರಿಸಿ ರ‍್ಯಾಮ್ ಮಾರುತ್ತಾರೆ, ಹುಷಾರ್

ದಾವಣಗೆರೆ ಎಪಿಎಂಸಿ ಸುತ್ತ ಲಿನಕ್ಸ್ ಸರ್ವರ್ ಇಟ್ಟುಕೊಂಡು ಬಿಲ್ಲಿಂಗ್ ನಡೆಸುವವರು ಇದನ್ನೊಮ್ಮೆ ಓದಿ. ನರ್ಸಿಂಗ್ ಹೋಮ್, ಕಾಲೇಜಿನವರೂ ಓದಿ. ನಾನು ಲೆಕ್ಕ ನೋಡುವ ಮೆಕ್ಕೆಜೋಳದ ಮಂಡಿಗೆ ಒಬ್ಬ ಸರ್ವೀಸ್‌ನವರು ಬೇಡದ ರ‍್ಯಾಮ್ ಮಾರಿದರು. ಆಮೇಲೆ ಚೆನ್ನಾಗಿದ್ದ ಸರ್ವರನ್ನೂ ಕೆಡಿಸಿದರು.

ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಜೊತೆಗೆ ಮಾನಿಟರಿಂಗ್ ಡ್ಯಾಶ್‌ಬೋರ್ಡ್ ಹಾಕಿಕೊಟ್ಟಿದ್ದರು. ಅದರಲ್ಲಿ ಮೆಮೊರಿ ಸದಾ ಕೆಂಪು. ಮಾಲೀಕರ ಮೊಬೈಲಿಗೆ ರಾತ್ರಿಯೆಲ್ಲ ಅಲರ್ಟ್. ಸೀಜನ್‌ನಲ್ಲಿ ಸರ್ವರ್ ನಿಂತರೆ ಗತಿಯೇನು ಎಂದು 16 ಜಿಬಿ ಇದ್ದದ್ದನ್ನು 32 ಮಾಡಿಸಿದರು. ರಾತ್ರಿ ಬ್ಯಾಕಪ್ ಓಡಿತು ನೋಡಿ, ಮತ್ತೆ 98%.

ಇದು ರೋಗವೇ ಅಲ್ಲ. ಡಿಸ್ಕ್‌ನಿಂದ ಓದಿದ ಫೈಲುಗಳನ್ನು ಲಿನಕ್ಸ್ ಖಾಲಿ ಇರುವ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಅದು ಪೇಜ್ ಕ್ಯಾಶ್. ಯಾವುದಾದರೂ ಪ್ರೋಗ್ರಾಂ ಮೆಮೊರಿ ಕೇಳಿದರೆ ಅದರಲ್ಲಿ ಹೆಚ್ಚಿನ ಪಾಲನ್ನು ಕೂಡಲೇ ಬಿಟ್ಟುಕೊಡುತ್ತದೆ. ಸುಮ್ನೆ ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೆ ಏನು ಲಾಭ? ಆದರೆ ಆ ಡ್ಯಾಶ್‌ಬೋರ್ಡ್ ಒಟ್ಟು ಮೆಮೊರಿಯಲ್ಲಿ 'ಫ್ರೀ' ಕಳೆದು, ಉಳಿದದ್ದೆಲ್ಲ ಖರ್ಚು ಎಂದು ತೋರಿಸುತ್ತಿತ್ತು. ನಮ್ಮ ಸರ್ವರ್‌ನಲ್ಲಿ ಫ್ರೀ ಅರ್ಧ ಜಿಬಿ, ಅವೈಲಬಲ್, ಅಂದರೆ ಪ್ರೋಗ್ರಾಂ ಕೇಳಿದರೆ ಕೊಡಬಹುದಾದದ್ದು, ಸುಮಾರು 25 ಜಿಬಿ!

ಇದನ್ನು ತೋರಿಸಿದರೆ ಸರ್ವೀಸ್‌ನವರು ಟಾಪ್ (ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಕಮಾಂಡ್) ತೆರೆದರು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದೊಂದು ಪ್ರೋಸೆಸ್‌ನ 'ರೆಸ್' (ಅದು ರ‍್ಯಾಮ್‌ನಲ್ಲಿ ಹಿಡಿದಿರುವ ಮೆಮೊರಿ) ಕೂಡಿಸಿ, "ನೋಡಿ, 32 ಕೂಡ ಸಾಲದು" ಎಂದರು. ಆ ಪ್ರೋಸೆಸ್‌ಗಳೆಲ್ಲ ಬಳಸುವುದು ಒಂದೇ ಶೇರ್ಡ್ ಬಫರ್, ಅಂದರೆ ಎಲ್ಲವೂ ಹಂಚಿಕೊಳ್ಳುವ ಮೆಮೊರಿ. ಕೂಡಿಸಿದರೆ ಅದೇ ಮೆಮೊರಿ ಹತ್ತಾರು ಸಲ ಲೆಕ್ಕಕ್ಕೆ ಬರುತ್ತದೆ. ಪಾಲು ಹಂಚಿ ತೋರಿಸುವ 'ಪಿಎಸ್‌ಎಸ್' ಅಂಕಿ ಇದೆ, ಕೂಡಿಸಬೇಕಾದರೆ ಅದನ್ನು ಕೂಡಿಸಬೇಕು.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಕೆಂಪು ಕಾಣಬಾರದೆಂದು ಗಂಟೆಗೊಮ್ಮೆ ಡ್ರಾಪ್ ಕ್ಯಾಶಸ್ (ಕ್ಯಾಶ್ ಖಾಲಿ ಮಾಡುವ ಸೌಲಭ್ಯ) ಓಡಿಸುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿದರು. ಗೇಜ್ ಹಸಿರಾಯಿತು, ಬಿಲ್ಲಿಂಗ್ ತೆವಳತೊಡಗಿತು. ರ‍್ಯಾಮ್‌ನಲ್ಲಿ ಸಿಗುತ್ತಿದ್ದದ್ದನ್ನೆಲ್ಲ ಮತ್ತೆ ಹಾರ್ಡ್ ಡಿಸ್ಕ್‌ನಿಂದ ಎಳೆಯಬೇಕಲ್ಲ! ಯಾರ್ಡ್‌ನಲ್ಲಿ ಲಾರಿ ಸಾಲು, ತೂಕದ ಚೀಟಿ ಹಿಡಿದು ನಿಂತ ರೈತರ ಬೈಗುಳ ಬೇರೆ. ಟೆಸ್ಟಿಂಗ್, ಡಿಬಗ್ಗಿಂಗ್ ಬಿಟ್ಟು ಬೇರೆಲ್ಲೂ ಇದನ್ನು ಬಳಸಬೇಡಿ ಎಂದು ಲಿನಕ್ಸ್‌ನ ಮೂಲಭಾಗವಾದ ಕರ್ನಲ್‌ನ ದಾಖಲೆಯಲ್ಲೇ ಇದೆ.

ಹಾಗಂತ ಕ್ಯಾಶ್ ಅನ್ನು ಪೂರ್ತಿ ಕಳೆದು ತೋರಿಸುವ ಟೂಲನ್ನೂ ನಂಬಬೇಡಿ. ಟಿಎಂಪಿಎಫ್‌ಎಸ್ (ರ‍್ಯಾಮ್‌ನಲ್ಲೇ ಇರುವ ತಾತ್ಕಾಲಿಕ ಫೈಲ್ ಸಿಸ್ಟಂ) ಫೈಲುಗಳು, ಶೇರ್ಡ್ ಮೆಮೊರಿ ಕೂಡ ಕ್ಯಾಶ್ ಲೆಕ್ಕದಲ್ಲೇ ಬರುತ್ತವೆ. ಅವನ್ನು ಹಾಗೆ ಸುಲಭವಾಗಿ ಬಿಡಿಸಿಕೊಳ್ಳಲಾಗದು. ನೋಡಬೇಕಾದದ್ದು 'ಮೆಮ್ ಅವೈಲಬಲ್'. 2014ರ ಕರ್ನಲ್ 3.14ರಿಂದ ಇದೆ, ಫ್ರೀ ಕಮಾಂಡಿನ ಕೊನೆಯ ಕಾಲಂನಲ್ಲೂ ಕಾಣುತ್ತದೆ. ನಿಜವಾಗಿ ರ‍್ಯಾಮ್ ಸಾಲದಿದ್ದರೆ ಅದು ಇಳಿಯುತ್ತಾ ಹೋಗುತ್ತದೆ. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದ್ದರೆ ವಿಎಂಸ್ಟ್ಯಾಟ್ ಕಮಾಂಡಿನಲ್ಲಿ 'ಎಸ್‌ಐ', 'ಎಸ್‌ಒ' (ಸ್ವಾಪ್‌ನಿಂದ ರ‍್ಯಾಮ್‌ಗೆ, ರ‍್ಯಾಮ್‌ನಿಂದ ಸ್ವಾಪ್‌ಗೆ ಹೋಗುವ ಅಂಕಿ) ಸತತ ಓಡುತ್ತವೆ. ಕೊನೆಗೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಕೆಲಸ ಮಾಡುವ ಕರ್ನಲ್‌ನ ವ್ಯವಸ್ಥೆ) ಯಾವುದೋ ಪ್ರೋಸೆಸ್ ಕೊಂದದ್ದು ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಸಿಗುತ್ತದೆ. ನಮ್ಮಲ್ಲಿ ಇದ್ಯಾವುದೂ ಇರಲಿಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ, "ರ‍್ಯಾಮ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?" ಎಂದರು. ಎಎಂಸಿ ಬಿಡಿಸಿದೆವು, ಕ್ರಾನ್ ತೆಗೆಸಿದೆವು. ನಿಮ್ಮಲ್ಲೂ ಇಂಥ ಡ್ಯಾಶ್‌ಬೋರ್ಡ್ ಇದ್ದರೆ ಮೊದಲು ಅದರ ಶೇಕಡಾವಾರು ಲೆಕ್ಕ ಹೇಗೆ ಬರುತ್ತದೆಂದು ಕೇಳಿ. ಅಲರ್ಟನ್ನು ಅವೈಲಬಲ್ 10%ಗಿಂತ ಕೆಳಗಿಳಿದಾಗ ಮಾತ್ರ ಬರುವ ಹಾಗೆ ಹಾಕಿಸಿ.