ಕ್ಲೈಮ್ಯಾಕ್ಸ್‌ಗೂ ದುಡ್ಡು ಕೊಡಬೇಕೇ? ಮೂರು ಗೇಮ್‌ಗಳ ಹೋಲಿಕೆ

ಗೇಮ್‌ನ ಕೊನೆ ಸರಿಯಿಲ್ಲ ಎಂದು ಆಡುವವರು ರೊಚ್ಚಿಗೆದ್ದಾಗಲೆಲ್ಲ "ಇವರಿಗೆ ಎಲ್ಲಾ ಪುಕ್ಕಟೆ ಬೇಕು" ಎನ್ನುವ ಮಾತು ಬರುತ್ತದೆ. ಅದು ಅನ್ಯಾಯದ ಮಾತು. ಫಾಲ್‌ಔಟ್ 3, ಮಾಸ್ ಎಫೆಕ್ಟ್ 3, ದಿ ವಿಚರ್ 3 ಈ ಮೂರನ್ನೂ ನಾನು ಮೊದಲು ಬರೀ ಮೂಲ ಗೇಮ್ ಆಗಿ, ಆಮೇಲೆ ಡಿಎಲ್‌ಸಿ (ಮೂಲ ಗೇಮ್‌ಗೆ ನಂತರ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಹಾಕಿಕೊಂಡು ಆಡಿದ್ದೇನೆ. ಮೂರಕ್ಕೂ ಹೆಚ್ಚಿನ ದುಡ್ಡು ಕೊಟ್ಟೆ, ಸಿಟ್ಟು ಬಂದಿದ್ದು ಎರಡರಲ್ಲಿ ಮಾತ್ರ. (ಕಥೆಯ ಗುಟ್ಟುಗಳೆಲ್ಲ ಕೆಳಗೆ ಬಯಲಾಗಿವೆ.)

2008ರ ಫಾಲ್‌ಔಟ್ 3ರ ಕೊನೆಯಲ್ಲಿ ನೀರು ಶುದ್ಧಿ ಮಾಡುವ ಯಂತ್ರವನ್ನು ಚಾಲೂ ಮಾಡಬೇಕು. ಕೋಣೆಯ ತುಂಬ ವಿಕಿರಣ, ಒಳಗೆ ಹೋದವರಿಗೆ ಸಾವೇ ಗತಿ. ಪಕ್ಕದಲ್ಲಿ ನಮ್ಮ ಜೊತೆಗಾರ, ದೈತ್ಯದೇಹಿ ಮ್ಯೂಟೆಂಟ್ ಫಾಕ್ಸ್ ನಿಂತಿದ್ದಾನೆ. ವಿಕಿರಣ ಅವನನ್ನು ಏನೂ ಮಾಡದು. ಸ್ವಲ್ಪ ಹಿಂದಷ್ಟೇ ಇಂಥದ್ದೇ ಜಾಗಕ್ಕೆ ನುಗ್ಗಿ ಬೇಕಾದ ವಸ್ತು ತಂದುಕೊಟ್ಟವನು ಅವನೇ. ಈಗ ಹೋಗು ಎಂದರೆ, ಇದು ನಿನ್ನ ಹಣೆಬರಹ, ನಾನು ಅಡ್ಡ ಬರಲಾರೆ ಎನ್ನುತ್ತಾನೆ! 2009ರಲ್ಲಿ ಬಂದ ಬ್ರೋಕನ್ ಸ್ಟೀಲ್ ಎಂಬ ಡಿಎಲ್‌ಸಿ ಹಾಕಿ ಹಳೆಯ ಸೇವ್ ತೆರೆದೆ. ಅದೇ ಫಾಕ್ಸ್ ತಕರಾರಿಲ್ಲದೆ ಒಳಗೆ ಹೋದ, ಕಥೆ ಮುಂದುವರಿಯಿತು, ಲೆವೆಲ್ ಮಿತಿ 20ರಿಂದ 30ಕ್ಕೆ ಏರಿತು. ಡಿಎಲ್‌ಸಿ ಚೆನ್ನಾಗಿದೆ. ಆದರೆ ಮೂಲ ಕಥೆಯ ತೂತು ಮುಚ್ಚಲು ದುಡ್ಡು ಕೊಟ್ಟವನು ಆಟಗಾರ.

ಮಾಸ್ ಎಫೆಕ್ಟ್ 3 (2012) ಇದಕ್ಕಿಂತ ನೋಯಿಸಿತು, ಏಕೆಂದರೆ ಅದು ಒಂದೇ ಸರಣಿಯ ಮೂರು ಗೇಮ್‌ಗಳ ಮುಕ್ತಾಯ. ನಾವು ಮಾಡಿದ ಅಷ್ಟೂ ಆಯ್ಕೆಗಳು ಕೊನೆಗೆ ಹೆಚ್ಚುಕಮ್ಮಿ ಒಂದೇ ಥರದ ಮೂರು ಮುಕ್ತಾಯಗಳಿಗೆ, ಅಂದರೆ ಕೆಂಪು, ನೀಲಿ, ಹಸಿರು ಬೆಳಕಿಗೆ ಬಂದು ನಿಂತವು. ನನ್ನ ಜೊತೆ ರಣರಂಗದಲ್ಲಿ ಓಡುತ್ತಿದ್ದವರು ನಮ್ಮ ಅಂತರಿಕ್ಷ ಹಡಗು ನಾರ್ಮಂಡಿಗೆ ಹೇಗೆ ಹೋದರು ಎಂಬುದಕ್ಕೂ ಉತ್ತರವಿರಲಿಲ್ಲ. ಅಭಿಮಾನಿಗಳು ಗೇಮ್ ಮಾಡಿದ ಬಯೋವೇರ್ ಕಂಪನಿಗೆ ಅದೇ ಮೂರು ಬಣ್ಣದ 400 ಕಪ್‌ಕೇಕ್ ಕಳಿಸಿದರು. ಬಣ್ಣ ಯಾವುದಾದರೂ ರುಚಿ ಮಾತ್ರ ವೆನಿಲ್ಲಾ. ಮಕ್ಕಳ ದತ್ತಿ ಸಂಸ್ಥೆಗೆ 80,000 ಡಾಲರ್‌ಗೂ ಹೆಚ್ಚು ಕೂಡಿಸಿದರು. ಇಷ್ಟು ಸಭ್ಯವಾದ ಪ್ರತಿಭಟನೆಯನ್ನು ಹಠಮಾರಿತನ ಎನ್ನುವುದು ಹೇಗೆ?

ಜೂನ್‌ನಲ್ಲಿ ಕೊನೆಯನ್ನು ಹಿಗ್ಗಿಸಿದ ಎಕ್ಸ್‌ಟೆಂಡೆಡ್ ಕಟ್ ಎಂಬ ಡಿಎಲ್‌ಸಿ ಉಚಿತವಾಗಿ ಬಂತು. ಗೆಳೆಯರನ್ನು ನಾರ್ಮಂಡಿ ಬಂದು ಎತ್ತಿಕೊಂಡು ಹೋಗುವ ದೃಶ್ಯ ಸೇರಿತು, ಮೂರನ್ನೂ ತಿರಸ್ಕರಿಸುವ ನಾಲ್ಕನೇ ದಾರಿಯೂ ತೆರೆಯಿತು. ಬೀಳ್ಕೊಡುಗೆಯಾಗಿ ಇದು ನನಗೆ ಸಮಾಧಾನ ಕೊಟ್ಟಿತು, ಬೆಳಕಿನ ಲೆಕ್ಕ ಮಾತ್ರ ಬದಲಾಗಲಿಲ್ಲ. ನನಗೆ ಇಂದಿಗೂ ಒಪ್ಪಿಗೆಯಾಗದ್ದು ಜಾವಿಕ್‌ನ ವಿಷಯ. ಮೊದಲ ಗೇಮ್‌ನಿಂದಲೂ ನಾವು ಯಾರ ಜಾಡು ಹಿಡಿದು ಹೊರಟಿದ್ದೆವೋ, ಆ ಅಳಿದುಹೋದ ಪ್ರೋಥಿಯನ್ ಜನಾಂಗದ ಕೊನೆಯವನು ಅವನು. ಗೇಮ್ ಬಿಡುಗಡೆಯಾದ ದಿನವೇ ಅವನನ್ನು ಪ್ರತ್ಯೇಕವಾಗಿ ಮಾರಿದರು. ಅವನನ್ನು ಥೆಸಿಯಾ ಗ್ರಹಕ್ಕೆ ಕರೆದೊಯ್ದು ನೋಡಿ: ದೇಗುಲದ ಮೂರ್ತಿಗಳ ನಿಜಾರ್ಥವನ್ನು ಅವನ ಬಾಯಲ್ಲೇ ಕೇಳಬೇಕು. ಅವನಿಲ್ಲದೆ ಆಡಿದಾಗ ಅದೇ ದೇಗುಲ ಎಷ್ಟು ಸಪ್ಪೆ! ಇಂಥವನು ಕಥೆಯ ಒಳಗಿನವನು, ಕೊಸರಲ್ಲ.

2015ರ ವಿಚರ್ 3ರಲ್ಲಿ ಕೊನೆಯ ಯುದ್ಧ ಅವಸರದಲ್ಲಿ ಮುಗಿಯುತ್ತದೆ, ನಿಜ. ಆದರೆ ನಾಯಕನ ಸಾಕುಮಗಳಾದ ಸಿರಿ ಎಂಬವಳ ಗತಿ ನಿರ್ಧಾರವಾಗುವುದು ಅವಳ ಜೊತೆ ಹಿಮದುಂಡೆ ಎರಚಾಡಿದೆವೋ ಇಲ್ಲವೋ ಎಂಬಂಥ ಸಣ್ಣ ಗಳಿಗೆಗಳಿಂದ. ಆಯ್ಕೆಗೆ ಬೆಲೆ ಸಿಗುವುದು ಎಂದರೆ ಇದು. 16 ಚಿಕ್ಕ ಡಿಎಲ್‌ಸಿ ಉಚಿತ. ಆಮೇಲೆ ಬಂದ ಹಾರ್ಟ್ಸ್ ಆಫ್ ಸ್ಟೋನ್, ಬ್ಲಡ್ ಆ್ಯಂಡ್ ವೈನ್ ಎರಡಕ್ಕೂ ಖುಷಿಯಿಂದ ದುಡ್ಡು ಕೊಟ್ಟೆ. ಅವು ಹೊಸ ಕಥೆಗಳು, ಹಳೆಯದಕ್ಕೆ ತೇಪೆಯಲ್ಲ.

ಈಗ ಹೊಸದಾಗಿ ಆಡುವವರು ಫಾಲ್‌ಔಟ್ 3ರ ಗೇಮ್ ಆಫ್ ದಿ ಇಯರ್ ಆವೃತ್ತಿಯನ್ನೇ ತೆಗೆದುಕೊಳ್ಳಿ, ಬ್ರೋಕನ್ ಸ್ಟೀಲ್ ಅದರಲ್ಲೇ ಇದೆ. ಮಾಸ್ ಎಫೆಕ್ಟ್‌ಗೆ 2021ರ ಲೆಜೆಂಡರಿ ಎಡಿಷನ್. ಅದರಲ್ಲಿ ಜಾವಿಕ್ ಒಳಗೇ ಇದ್ದಾನೆ.