ಫಾರ್ಚೂನ್, ಕೌಸೇ, ಎಸ್‌ಎಲ್: ಟರ್ಮಿನಲ್ಲಿನ ಹಳೇ ನಗುವಿನ ಪ್ಯಾಕೇಜುಗಳು ಈಗಿನ ಸರ್ವರಿಗೆ ಆಗುತ್ತವೆಯೇ?

ಲಾಗಿನ್ ಆದ ಕೂಡಲೇ ಒಂದು ಸಾಲಿನ ಮಾತು (ಫಾರ್ಚೂನ್), ಅದನ್ನು ಹೇಳುವ ಹಸು (ಕೌಸೇ), ಬೆರಳು ತಪ್ಪಿ ಕಮಾಂಡ್ ತಿರುವುಮುರುವಾದರೆ ಪರದೆ ದಾಟಿ ಹೋಗುವ ಉಗಿಬಂಡಿ (ಎಸ್‌ಎಲ್). ಸಿಸ್ಟಮ್ ಅಡ್ಮಿನ್‌ಗಳ ಹಾಸ್ಯವೆಂದರೆ ಬಹಳ ಕಾಲ ಇದೇ ಆಗಿತ್ತು. ಈ ಮೂರೂ ಇವತ್ತಿಗೂ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಆವೃತ್ತಿಗಳ ಭಂಡಾರಗಳಲ್ಲಿ ಉಚಿತವಾಗಿ ಸಿಗುತ್ತವೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫಾರ್ಚೂನ್ ಎಲ್ಲರೂ ಹಾಕಿಕೊಳ್ಳಬಹುದಾದ ಸೊಗಸಾದ ಪ್ರೋಗ್ರಾಂ. ಕೌಸೇ ಸ್ವಂತ ಲ್ಯಾಪ್‌ಟಾಪಿಗೆ ಸರಿ, ಸರ್ವರಿಗೆ ಬೇಡ. ಎಸ್‌ಎಲ್ ಕಲಿಯುವವರ ಮಷೀನಿಗೆ ಚೆಂದ. ಇವುಗಳ ಜೊತೆಗೇ ಹೆಸರು ಕೇಳಿಬರುವ ಸುಡೋ ಬೈಗುಳವನ್ನು (ಸುಡೋ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಹತ್ತು ಜನ ಬಳಸುವ ಮಷೀನಿನಲ್ಲಿ ಖಂಡಿತ ಹಚ್ಚಬಾರದು.

ಫಾರ್ಚೂನ್ ವೆಬ್‌ಗಿಂತ ಹಳೆಯದು. 1979ರ ಯುನಿಕ್ಸ್ 7ನೇ ಆವೃತ್ತಿಯ ಆಟಗಳ ಫೋಲ್ಡರಿನಲ್ಲೇ ಅದು ಇತ್ತು. ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ಬರೆದ ಆವೃತ್ತಿಯ ಸಂತತಿಯೇ ಈಗ ಲಿನಕ್ಸಿನಲ್ಲಿರುವ ಫಾರ್ಚೂನ್-ಮಾಡ್. ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದ ಕಾಲದವರು ಪ್ರತಿ ಪತ್ರದ ಸಹಿಗೆ ಇದರಿಂದ ಒಂದೊಂದು ಹೊಸ ಉಕ್ತಿ ಎತ್ತಿ ಅಂಟಿಸುತ್ತಿದ್ದರು. ಸಹಿಗೂ ಒಂದು ಕಟ್ಟುಪಾಡಿತ್ತು: ಎರಡು ಅಡ್ಡಗೆರೆ, ಒಂದು ಖಾಲಿ ಜಾಗ ಇರುವ ಗಡಿಸಾಲು, ಅದರ ಕೆಳಗೆ ಹೆಚ್ಚೆಂದರೆ 80 ಅಕ್ಷರದ 4 ಸಾಲು. ಮೆಕ್‌ಕ್ವಾರಿ ಮಿತಿ ಎಂದು ಅದಕ್ಕೆ ಹೆಸರೇ ಇತ್ತು. ವೆಬ್ ಬಂದಾಗ ಇದೇ ಪ್ರೋಗ್ರಾಮನ್ನು ಸಿಜಿಐ ಸ್ಕ್ರಿಪ್ಟಿನಿಂದ (ಪುಟ ಕೇಳಿದಾಗ ಸರ್ವರಿನಲ್ಲಿ ಓಡುವ ಪುಟ್ಟ ಪ್ರೋಗ್ರಾಮಿನಿಂದ) ಕರೆದು ಹೋಮ್‌ಪೇಜಿನ ಅಡಿಯಲ್ಲಿ ಇಟ್ಟರು. ಪುಟ ರಿಫ್ರೆಶ್ ಮಾಡಿದಷ್ಟು ಸಲ ಹೊಸ ಮಾತು.

ಹಾಕುವುದು ಸುಲಭ. ಫಾರ್ಚೂನ್-ಮಾಡ್ ಎಂಬುದು ಪ್ರೋಗ್ರಾಂ, ಫಾರ್ಚೂನ್ಸ್ ಎಂಬುದು ಉಕ್ತಿಗಳ ಪೂರ್ಣ ಸಂಗ್ರಹ, ಫಾರ್ಚೂನ್ಸ್-ಮಿನ್ ಅದರ ಚಿಕ್ಕ ರೂಪ. ಮೊದಲ ಎಡವಟ್ಟು ಇಲ್ಲೇ ಕಾದಿರುತ್ತದೆ. ಡೆಬಿಯನ್ ಇದನ್ನು ಇಡುವುದು ಯುಎಸ್‌ಆರ್ ಕೆಳಗಿನ ಗೇಮ್ಸ್ ಫೋಲ್ಡರಿನಲ್ಲಿ. ಸಾಮಾನ್ಯ ಬಳಕೆದಾರರ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) ಆ ಫೋಲ್ಡರ್ ಇರುತ್ತದೆ, ಪೂರ್ಣ ಅಧಿಕಾರದ ರೂಟ್ ಬಳಕೆದಾರನ ಪಾತ್‌ನಲ್ಲಿ ಇರುವುದಿಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲೂ ಇರುವುದಿಲ್ಲ. ನಿಮ್ಮ ಕೈಯಲ್ಲಿ ಓಡಿದ ಕಮಾಂಡ್ ಸ್ಕ್ರಿಪ್ಟಿನಲ್ಲಿ ‘ಸಿಗಲಿಲ್ಲ’ ಎಂದರೆ ಕಾರಣ ಇಷ್ಟೇ. ಪೂರ್ತಿ ದಾರಿ ಬರೆದರೆ ಮುಗಿಯಿತು.

ದಿನಬಳಕೆಗೆ ನಾಲ್ಕು ಆಯ್ಕೆ ಸಾಕು. -ಎಸ್ ಕೊಟ್ಟರೆ ಚಿಕ್ಕ ಉಕ್ತಿ ಮಾತ್ರ. -ಎಫ್ ಯಾವ ಫೈಲಿನಿಂದ ಶೇಕಡಾ ಎಷ್ಟು ಬರುತ್ತದೆಂದು ತೋರಿಸುತ್ತದೆ. -ಸಿ ಈ ಮಾತು ಯಾವ ಫೈಲಿನದು ಎಂದು ಹೇಳುತ್ತದೆ. -ಎಂ ಜೊತೆ ಒಂದು ಪದ ಕೊಟ್ಟರೆ ಅದು ಬರುವ ಉಕ್ತಿಗಳನ್ನೆಲ್ಲ ಹುಡುಕಿ ಕೊಡುತ್ತದೆ. ಮುಟ್ಟಬಾರದ್ದು -ಎ ಮತ್ತು -ಒ. ಇವು ಅಶ್ಲೀಲ, ಅವಹೇಳನದ ಉಕ್ತಿಗಳ ಬಾಗಿಲು. ಕಣ್ಣಿಗೆ ನೇರ ಬೀಳದಿರಲಿ ಎಂದು ಅವನ್ನು ರಾಟ್13ರಲ್ಲಿ, ಅಂದರೆ ಪ್ರತಿ ಇಂಗ್ಲಿಷ್ ಅಕ್ಷರವನ್ನು 13 ಸ್ಥಾನ ಸರಿಸಿ, ಬರೆದಿಡುವ ರೂಢಿ. ಯುನಿಕ್ಸ್ ವಂಶದ ಫ್ರೀಬಿಎಸ್‌ಡಿ ತಂಡ 2017ರಲ್ಲಿ ಉಕ್ತಿಗಳ ಫೈಲುಗಳನ್ನು ತೆಗೆದುಹಾಕಿ ಬಳಕೆಯ ಸುಳಿವುಗಳಂಥದ್ದನ್ನು ಉಳಿಸಿಕೊಂಡಿತು. ಆಫೀಸಿನ ಮಷೀನಿನಲ್ಲಿ ಅದೇ ಸರಿಯಾದ ದಾರಿ.

ಉಕ್ತಿಗಳ ಗುಣಮಟ್ಟ ಏರುಪೇರಾಗಿದೆ. ಫಾರ್ಚೂನ್ಸ್-ಬಿಒಎಫ್‌ಎಚ್-ಎಕ್ಸ್‌ಕ್ಯೂಸಸ್ ಎಂಬ ಪ್ಯಾಕೇಜು ಅಡ್ಮಿನ್ ಸಂಸ್ಕೃತಿಯ ಒಳ್ಳೆಯ ನಮೂನೆ. ಬಳಕೆದಾರರನ್ನು ಕಂಡರಾಗದ ಅಡ್ಮಿನ್ ಒಬ್ಬನ ಕತೆಗಳನ್ನು ನ್ಯೂಜಿಲೆಂಡಿನ ಸೈಮನ್ ಟ್ರವಾಲಿಯಾ ಬರೆದರು. ಆ ಅಡ್ಮಿನ್ ಫೋನ್ ಮಾಡಿದವರಿಗೆ ಕೊಡುವಂಥ ನೆಪಗಳ ಪಟ್ಟಿ ಇದು. ‘ಟೋಕನ್ ರಿಂಗಿನಿಂದ ಬಿದ್ದುಹೋಗಿದೆ, ಸಿಕ್ಕರೆ ತಿಳಿಸಿ’ ಎಂಬ ಧಾಟಿಯವು. ನಗು ಬರಬೇಕಾದರೆ ಟೋಕನ್ ರಿಂಗ್ ಎಂಬ ಹಳೆಯ ನೆಟ್‌ವರ್ಕ್ ಗೊತ್ತಿರಬೇಕು. ಅದರಲ್ಲಿ ಟೋಕನ್ ಎಂಬ ಪುಟ್ಟ ಸಂದೇಶ ಮಷೀನಿನಿಂದ ಮಷೀನಿಗೆ ಸುತ್ತುತ್ತಿರುತ್ತದೆ, ಅದು ಬಂದಾಗಲಷ್ಟೇ ಆ ಮಷೀನು ಮಾತಾಡಬಹುದು. ಅದನ್ನು ನೆಲದ ಮೇಲೆ ಹುಡುಕಬಹುದಾದ ವಸ್ತು ಎಂದು ನಂಬಿಸುವುದೇ ಇಲ್ಲಿಯ ಸ್ವಾರಸ್ಯ. ಇಂಥವು ತಂತ್ರಜ್ಞಾನದ ಚರಿತ್ರೆಯನ್ನೇ ಹೊತ್ತಿವೆ, ಹೊಸಬರಿಗೆ ಒಂದೊಂದನ್ನೂ ಬಿಡಿಸಿ ಹೇಳುವುದೇ ಒಂದು ಪಾಠ. ಬಳಕೆದಾರರನ್ನು ದಡ್ಡರೆಂದು ಹೀಗಳೆಯುವ ನೆಪಗಳೂ ಇದರಲ್ಲಿವೆ. ಅವು ಹಳಸಿವೆ. ಯಂತ್ರದ ಮೇಲಿನ ನಗು ಮಾತ್ರ ಇನ್ನೂ ತಾಜಾ ಇದೆ.

ಈ ಪ್ರೋಗ್ರಾಮಿನ ನಿಜವಾದ ಶಕ್ತಿ ಬೇರೆ ಕಡೆ ಇದೆ: ಉಕ್ತಿಗಳ ಫೈಲನ್ನು ಯಾರು ಬೇಕಾದರೂ ಮಾಡಬಹುದು. ಜರ್ಮನ್, ಇಟಾಲಿಯನ್, ಚೆಕ್, ಐರಿಷ್ ಭಾಷೆಯವರು ಮಾಡಿ ಪ್ಯಾಕೇಜು ಕಟ್ಟಿದ್ದಾರೆ. ನಮ್ಮ ಗಾದೆಗಳಿಗೆ ಇದು ಹೇಳಿ ಮಾಡಿಸಿದ ಮನೆ.

ಸಾದಾ ಪಠ್ಯದ ಫೈಲ್ ತೆರೆದು ಯುಟಿಎಫ್-8ರಲ್ಲಿ ಒಂದು ಗಾದೆ ಬರೆಯಿರಿ. ಮುಂದಿನ ಸಾಲಿನಲ್ಲಿ % ಚಿಹ್ನೆ ಒಂದೇ ಇರಲಿ. ಆಮೇಲೆ ಮುಂದಿನ ಗಾದೆ, ಮತ್ತೆ %. ಮುಗಿದ ಮೇಲೆ ಸ್ಟ್ರ್‌ಫೈಲ್ ಕಮಾಂಡಿಗೆ ಆ ಫೈಲಿನ ಹೆಸರು ಕೊಟ್ಟರೆ ಪಕ್ಕದಲ್ಲೇ .ಡ್ಯಾಟ್ ಫೈಲ್ ಹುಟ್ಟುತ್ತದೆ. ಪ್ರತಿ ಉಕ್ತಿ ಎಷ್ಟನೆಯ ಬೈಟಿನಿಂದ ಶುರು ಎಂಬ ಲೆಕ್ಕ ಅದರಲ್ಲಿರುತ್ತದೆ. ಎಷ್ಟು ಉಕ್ತಿ ಸಿಕ್ಕವು, ಅತಿ ಉದ್ದದ್ದು ಎಷ್ಟು ಬೈಟ್ ಎಂದು ಸ್ಟ್ರ್‌ಫೈಲ್ ಪರದೆಯ ಮೇಲೆ ಹೇಳುತ್ತದೆ. ಆ ಸಂಖ್ಯೆ ಓದದೆ ಮುಂದೆ ಹೋಗಬೇಡಿ. ನೂರು ಗಾದೆ ಬರೆದು ಒಂದೇ ಉಕ್ತಿ ಸಿಕ್ಕಿತು ಎಂದರೆ ಫೈಲನ್ನು ವಿಂಡೋಸಿನಲ್ಲಿ ಉಳಿಸಿದ್ದೀರಿ ಎಂದು ಅರ್ಥ. % ಆದ ಮೇಲೆ ನೇರ ಸಾಲು ಮುರಿಯಬೇಕು. ವಿಂಡೋಸ್ ಸೇರಿಸುವ ಕ್ಯಾರೇಜ್ ರಿಟರ್ನ್ ಇದ್ದರೂ, ಒಂದು ಖಾಲಿ ಜಾಗ ಇದ್ದರೂ ಆ ಸಾಲು ಗಡಿಯೆಂದು ಲೆಕ್ಕಕ್ಕೆ ಬರುವುದಿಲ್ಲ. ಸಾಲಿನ ಕೊನೆ ಸರಿಪಡಿಸುವ ಡಾಸ್2ಯುನಿಕ್ಸ್ ಹಾಯಿಸಿ ಮತ್ತೆ ಸ್ಟ್ರ್‌ಫೈಲ್ ಮಾಡಿ.

ಗಾದೆ ತಿದ್ದಿದಾಗಲೆಲ್ಲ ಸ್ಟ್ರ್‌ಫೈಲ್ ಮತ್ತೆ ಓಡಿಸಲೇಬೇಕು. ಮರೆತರೆ ಹಳೆಯ ಲೆಕ್ಕದ ಪ್ರಕಾರ ನಡುಮಾತಿನಿಂದ ಓದು ಶುರುವಾಗುತ್ತದೆ. ಇಂಗ್ಲಿಷಿನಲ್ಲಾದರೆ ಅರ್ಧ ವಾಕ್ಯ ಬಂದೀತು. ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್ ಇರುವುದರಿಂದ ಅಕ್ಷರವೇ ಮಧ್ಯದಲ್ಲಿ ಸೀಳಿ ಪ್ರಶ್ನಾರ್ಥಕ ಚಿಹ್ನೆಯ ಚೌಕಗಳು ಮೂಡುತ್ತವೆ.

ಬೈಟಿನ ಈ ಲೆಕ್ಕ ಇನ್ನೊಂದು ಕಡೆಯೂ ಕಾಡುತ್ತದೆ. -ಎಸ್ ಆಯ್ಕೆ ‘ಚಿಕ್ಕದು’ ಎನ್ನುವುದು 160ರವರೆಗೆ. ಕೈಪಿಡಿ ಅದನ್ನು ಅಕ್ಷರ ಎಂದರೂ ಪ್ರೋಗ್ರಾಂ ಎಣಿಸುವುದು ಬೈಟ್. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಕಣ್ಣಿಗೆ 11 ಅಕ್ಷರ. ಕಾಗುಣಿತದ ಚಿಹ್ನೆ ಸೇರಿ 19 ಸಂಕೇತ, 57 ಬೈಟ್, ಮೂರು ಖಾಲಿ ಜಾಗ ಸೇರಿ 60. ಇಂಥ ಒಂಟಿ ಸಾಲಿಗೆ ತೊಂದರೆಯಿಲ್ಲ, ಮೂರು ಸಾಲಿನ ತ್ರಿಪದಿ ಹಾಕಿದರೆ 160 ದಾಟಿ -ಎಸ್ ಅದನ್ನು ಎಂದೂ ತೋರಿಸದೇ ಹೋಗಬಹುದು. -ಎನ್ 480 ಎಂದು ಮಿತಿ ಏರಿಸಿಕೊಂಡರೆ ಇಂಗ್ಲಿಷಿನಷ್ಟೇ ಅವಕಾಶ ಕನ್ನಡಕ್ಕೂ ಸಿಗುತ್ತದೆ.

ಫೈಲನ್ನು ಎಲ್ಲಿಡಬೇಕು? ವ್ಯವಸ್ಥೆಯ ಫಾರ್ಚೂನ್ಸ್ ಫೋಲ್ಡರಿಗೆ ಹಾಕಿದರೆ ಸಾವಿರಾರು ಇಂಗ್ಲಿಷ್ ಉಕ್ತಿಗಳ ನಡುವೆ ನಿಮ್ಮ ನೂರು ಗಾದೆ ಕಳೆದುಹೋಗುತ್ತವೆ, ಏಕೆಂದರೆ ಯಾವ ಫೈಲಿನಲ್ಲಿ ಹೆಚ್ಚು ಉಕ್ತಿ ಇದೆಯೋ ಅದಕ್ಕೇ ಹೆಚ್ಚು ಸರದಿ. ಮನೆ ಫೋಲ್ಡರಿನಲ್ಲೇ ಇಟ್ಟು ‘ಫಾರ್ಚೂನ್ 70% ಗಾದೆ 30% ಕಂಪ್ಯೂಟರ್ಸ್’ ಎಂಬಂತೆ ಪಾಲು ಹಂಚಿ ಕರೆಯುವುದು ಮೇಲು. ಗಾದೆ ಫೈಲಿಗೆ ಪೂರ್ತಿ ದಾರಿ ಕೊಡಬೇಕು.

ಕೌಸೇ ಟೋನಿ ಮನ್ರೋ 1999ರಲ್ಲಿ ಹೊರತಂದದ್ದು, ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟ್. ನೀವು ಕೊಟ್ಟ ಮಾತನ್ನು ಗುಳ್ಳೆಯೊಳಗೆ ಬರೆದು ಕೆಳಗೆ ಅಕ್ಷರಗಳಿಂದ ಹಸು ಬಿಡಿಸುತ್ತದೆ. -ಡಿ ಎಂದರೆ ಸತ್ತ ಹಸು, -ಟಿ ದಣಿದದ್ದು, -ಜಿ ಕಣ್ಣಲ್ಲಿ ಡಾಲರ್ ಚಿಹ್ನೆಯ ದುರಾಸೆಯದು. ಸಾಲು 40 ಅಕ್ಷರಕ್ಕೆ ಮುರಿಯುತ್ತದೆ, ದೊಡ್ಡಕ್ಷರದ -ಡಬ್ಲ್ಯೂ ಕೊಟ್ಟು ಬದಲಿಸಬಹುದು. ಮುರಿಯುವುದೇ ಬೇಡವೆಂದರೆ -ಎನ್, ಆದರೆ ಆಗ ಮಾತನ್ನು ಪೈಪಿನಿಂದಲೇ (ಇನ್ನೊಂದು ಕಮಾಂಡಿನ ಉತ್ತರವಾಗಿ) ಕಳಿಸಬೇಕು, ಕಮಾಂಡಿನ ಪಕ್ಕ ಬರೆದರೆ ಆಗದು. ಕನ್ನಡ ಹಾಕಿದರೆ ಗುಳ್ಳೆಯ ಬಲ ಅಂಚು ಸೊಟ್ಟಗಾಗುತ್ತದೆ. ಸ್ಕ್ರಿಪ್ಟಿನ ಎಣಿಕೆ ಒಂದು, ಟರ್ಮಿನಲ್ ಅಕ್ಷರಕ್ಕೆ ಕೊಡುವ ಅಗಲ ಇನ್ನೊಂದು. ಗಾದೆಗಳನ್ನು ಹಸುವಿಲ್ಲದೆ ಬರೀ ಫಾರ್ಚೂನಿನಲ್ಲೇ ಓದುವುದು ಚೆಂದ.

ಸರ್ವರಿಗೆ ಬೇಡ ಎನ್ನಲು ಎರಡು ಗಟ್ಟಿ ಕಾರಣಗಳಿವೆ. ಹಸುವಿನ ಚಿತ್ರದ .ಕೌ ಫೈಲ್ ಬರೀ ಚಿತ್ರವಲ್ಲ, ಪರ್ಲ್ ಕೋಡಿನ ತುಣುಕು. ಕೌಸೇ ಅದನ್ನು ಓಡಿಸುತ್ತದೆ. ಎಲ್ಲಿಂದಲೋ ತಂದ .ಕೌ ಫೈಲ್ ಬಳಸುವುದೂ ಎಲ್ಲಿಂದಲೋ ತಂದ ಪ್ರೋಗ್ರಾಂ ಓಡಿಸುವುದೂ ಒಂದೇ. ಕೌಸೇಯನ್ನು ಉಬುಂಟುವಿನ ಅಪ್‌ಡೇಟ್-ಎಂಒಟಿಡಿ.ಡಿ ಫೋಲ್ಡರಿನ (ಲಾಗಿನ್ ಸ್ವಾಗತ ಸಂದೇಶ ಕಟ್ಟುವ ಜಾಗದ) ಸ್ಕ್ರಿಪ್ಟಿನಿಂದ ಕರೆದರೆ ಲಾಗಿನ್ ಆದಾಗಲೆಲ್ಲ ರೂಟ್ ಅಧಿಕಾರದಲ್ಲಿ ಓಡುತ್ತದೆ. ಎರಡನೆಯದು ಆನ್ಸಿಬಲ್, ಹಲವು ಸರ್ವರುಗಳನ್ನು ಒಟ್ಟಿಗೆ ಸಜ್ಜುಗೊಳಿಸುವ ಸಾಧನ. ತಾನು ಓಡುವ ಮಷೀನಿನಲ್ಲಿ ಕೌಸೇ ಕಂಡರೆ ಸಾಕು, ಆನ್ಸಿಬಲ್ ಪ್ಲೇಬುಕ್ಕಿನ (ಕೆಲಸಗಳ ಪಟ್ಟಿಯ) ಪ್ರತಿ ಟಾಸ್ಕಿನ ಹೆಸರನ್ನೂ ಹಸುವಿನ ಬಾಯಲ್ಲಿ ಹೇಳಿಸುತ್ತದೆ. ಪರದೆಯಲ್ಲಿ ಮುದ್ದಾಗಿ ಕಂಡರೂ ನಡುರಾತ್ರಿ ಲಾಗಿನಲ್ಲಿ ತಪ್ಪು ಹುಡುಕುವವರಿಗೆ ಅದು ಹಿಂಸೆ. ಆನ್ಸಿಬಲ್_ನೋಕೌಸ್ ಎಂಬ ವೇರಿಯಬಲ್ಲಿಗೆ 1 ಕೊಟ್ಟರೆ, ಇಲ್ಲವೇ ಕಾನ್ಫಿಗ್ ಫೈಲಿನ ಡೀಫಾಲ್ಟ್ಸ್ ಭಾಗದಲ್ಲಿ ನೋಕೌಸ್ = 1 ಎಂದು ಬರೆದರೆ ನಿಲ್ಲುತ್ತದೆ.

ಎಸ್‌ಎಲ್ ಬಗ್ಗೆ ಹೇಳುವುದು ಕಡಿಮೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಎಂದು ಒತ್ತುವ ಬದಲು ಎಸ್‌ಎಲ್ ಒತ್ತಿದವರಿಗೆ ಬುದ್ಧಿ ಬರಲೆಂದು ಜಪಾನಿನ ತೊಯೊದಾ ಮಸಾಶಿ 1993ರಲ್ಲಿ ಬರೆದದ್ದು. ಜಪಾನಿನ ಡಿ51 ಉಗಿಬಂಡಿ ಬಲದಿಂದ ಎಡಕ್ಕೆ ಹೋಗುತ್ತದೆ, ಅದು ದಾಟುವ ತನಕ ಪ್ರೋಗ್ರಾಂ ನಿಲ್ಲಿಸುವ ಕಂಟ್ರೋಲ್-ಸಿ ಕೆಲಸ ಮಾಡುವುದಿಲ್ಲ. -ಎಲ್ ಕೊಟ್ಟರೆ ಪುಟ್ಟ ಬಂಡಿ, ದೊಡ್ಡಕ್ಷರದ -ಎಫ್ ಕೊಟ್ಟರೆ ಹಾರುವ ಬಂಡಿ. 80 ಕಾಲಮ್ಮಿನ ಪರದೆಯಲ್ಲಿ ಆರೇಳು ಸೆಕೆಂಡಿನ ಶಿಕ್ಷೆ. ಅವಸರದಲ್ಲಿ ಸರ್ವರ್ ರಿಪೇರಿ ಮಾಡುವಾಗ ಆ ಆರೇಳು ಸೆಕೆಂಡು ಭಾರವೇ.

ಸುಡೋ ಬೈಗುಳ ಪ್ಯಾಕೇಜಲ್ಲ, ಸುಡೋ ಒಳಗೇ ಇರುವ ಆಯ್ಕೆ. ಸುಡೋ ನಿಯಮಗಳ ಫೈಲ್ ತಿದ್ದುವ ವಿಸುಡೋ ತೆರೆದು ‘ಡೀಫಾಲ್ಟ್ಸ್ ಇನ್‌ಸಲ್ಟ್ಸ್’ ಎಂಬ ಸಾಲು ಸೇರಿಸಿದರೆ ಪಾಸ್‌ವರ್ಡ್ ತಪ್ಪಿದಾಗಲೆಲ್ಲ ಇಂಗ್ಲಿಷಿನಲ್ಲಿ ಒಂದು ಮೂದಲಿಕೆ ಬರುತ್ತದೆ. ವಿಸುಡೋ ಬಿಟ್ಟು ಬೇರೆ ಎಡಿಟರಿನಲ್ಲಿ ನೇರ ತಿದ್ದಬೇಡಿ, ಒಂದು ಅಕ್ಷರ ತಪ್ಪಿದರೂ ಸುಡೋ ನಿಂತುಹೋಗಬಹುದು. ಸುಡೋಯರ್ಸ್.ಡಿ ಫೋಲ್ಡರಿನಲ್ಲಿ ಬೇರೆ ಫೈಲ್ ಮಾಡುವುದಾದರೆ ಹೆಸರಿನಲ್ಲಿ ಚುಕ್ಕಿ ಇರಬಾರದು, ಚುಕ್ಕಿ ಇದ್ದ ಫೈಲನ್ನು ಸುಡೋ ಓದುವುದಿಲ್ಲ. ವಿಷಯ ಗೊತ್ತಿಲ್ಲದ ಸಹೋದ್ಯೋಗಿ ಆ ಮೂದಲಿಕೆ ಕಂಡರೆ ಮಷೀನು ಹ್ಯಾಕ್ ಆಗಿದೆ ಎಂದೇ ತಿಳಿಯುತ್ತಾರೆ. ತಪ್ಪು ಅವರದಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ. ಲಾಗಿನ್ ಆದಾಗ ಗಾದೆ ಬರಲೆಂದು ಬ್ಯಾಶ್‌ಆರ್‌ಸಿ ಫೈಲಿನ (ಬ್ಯಾಶ್ ಎಂಬ ಕಮಾಂಡ್ ಶೆಲ್ ಶುರುವಾದಾಗ ಓದುವ ಫೈಲಿನ) ಮೊದಲ ಸಾಲಿಗೇ ಫಾರ್ಚೂನ್ ಬರೆದುಬಿಡುತ್ತಾರೆ. ದೂರದ ಮಷೀನಿಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಚೆನ್ನಾಗಿ ಓಡುತ್ತದೆ, ಅದರ ಮೂಲಕ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿ ಮಾತ್ರ ‘ಬಂದ ಸಂದೇಶ ಅತಿ ಉದ್ದ’ ಎಂದು ಒಂದು ದೊಡ್ಡ ಸಂಖ್ಯೆ ತೋರಿಸಿ ಸಾಯುತ್ತದೆ. 2022ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.0ರಿಂದ ಫೈಲ್ ನಕಲಿಸುವ ಎಸ್‌ಸಿಪಿ ಕೂಡ ಒಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುವುದರಿಂದ ಅದೂ ಹಾಗೇ. ಫೋಲ್ಡರುಗಳನ್ನು ಸರಿಹೊಂದಿಸುವ ಆರ್‌ಸಿಂಕ್ ‘ನಿಮ್ಮ ಶೆಲ್ ಶುದ್ಧವಾಗಿದೆಯೇ’ ಎಂದು ಕೇಳುತ್ತದೆ. ಎಸ್‌ಎಫ್‌ಟಿಪಿ ಮೊದಲ 4 ಬೈಟನ್ನು ಸಂದೇಶದ ಉದ್ದವೆಂದು ಓದುತ್ತದೆ. ಅಲ್ಲಿ ಉದ್ದದ ಬದಲು ಗಾದೆ ಕುಳಿತಿರುತ್ತದೆ. ಹಾಗಾಗಿ ಆ ಸಂಖ್ಯೆಯೇ ಕಳ್ಳನನ್ನು ಹಿಡಿದುಕೊಡುತ್ತದೆ. 543121247 ಎಂದು ಕಂಡರೆ ಒಂದು ಖಾಲಿ ಜಾಗ, ಮೂರು ಅಡಿಗೆರೆ, ಅಂದರೆ ಹಸುವಿನ ಗುಳ್ಳೆಯ ಮೇಲಂಚು. 3769800160 ಎಂದರೆ ‘ಕೈ ಕೆಸರಾದರೆ’. ಕನ್ನಡ ಅಕ್ಷರದಿಂದ ಶುರುವಾಗುವ ಗಾದೆಗಳ ಸಂಖ್ಯೆ ಸಾಮಾನ್ಯವಾಗಿ 37697 ಅಥವಾ 37698ರಿಂದಲೇ ಮೊದಲಾಗುತ್ತದೆ.

ಪರಿಹಾರ ಸರಳ. ಡೆಬಿಯನ್ನಿನ ಬ್ಯಾಶ್‌ಆರ್‌ಸಿಯ ತಲೆಯಲ್ಲೇ, ಶೆಲ್ ಇಂಟರಾಕ್ಟಿವ್ ಅಲ್ಲದಿದ್ದರೆ (ಎದುರು ಮನುಷ್ಯ ಟೈಪ್ ಮಾಡುತ್ತಿಲ್ಲದಿದ್ದರೆ) ಅಲ್ಲಿಂದಲೇ ವಾಪಸು ಹೋಗುವ ಕೇಸ್ ತುಣುಕು ಇರುತ್ತದೆ. ಫಾರ್ಚೂನ್ ಸಾಲು ಅದರ ಕೆಳಗಿರಲಿ, ಫೈಲಿನ ಕೊನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಆ ತುಣುಕು ಇಲ್ಲದ ಕಡೆ $- ಎಂಬ ಶೆಲ್ ವೇರಿಯಬಲ್ಲಿನ ಒಳಗೆ ಐ ಅಕ್ಷರ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ಕರೆಯಿರಿ. ಬದಲಿಸಿದ ಮೇಲೆ ನಿಮ್ಮ ಮಷೀನಿನಿಂದ ಆ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಟ್ರೂ ಎಂಬ ಏನನ್ನೂ ಮಾಡದ ಕಮಾಂಡ್ ಕಳಿಸಿ, ಬಂದ ಉತ್ತರವನ್ನು ಒಂದು ಫೈಲಿಗೆ ಹಾಯಿಸಿ. ಆ ಫೈಲಿನ ಗಾತ್ರ 0 ಬೈಟ್ ಇರಬೇಕು.